ಗಡಿಯಾಚೆಯವರೊಡನೆ ಆಡಿದವರು

ಇಂದಿನ ಪದವೀಧರರೇ,

ಮಡಿಕೇರಿಯಲ್ಲಿ ನಿಂತು ಮಾತನಾಡುವವರು ಸೈನಿಕರನ್ನು ನೆನೆಯದೆ ಇರುವುದಿಲ್ಲ, ಹಾಕಿಯನ್ನಂತೂ ಮರೆಯುವುದೇ ಇಲ್ಲ. ಸೇನೆಯನ್ನೂ ಮೈದಾನವನ್ನೂ ಒಟ್ಟಿಗೆ ಕಂಡ ಒಬ್ಬರ ಬಗ್ಗೆ ನಾನು ಇಂದು ಹೇಳಬೇಕೆಂದಿದ್ದೇನೆ. ಅವರು ಮೊದಲು ಆಡಿದ್ದು ಹಾಕಿಯನ್ನಲ್ಲ, ಫುಟ್‌ಬಾಲನ್ನು.

ಸುಂಟಿಕೊಪ್ಪ ಕಡೆಯ ಎಂ.ಪಿ. ಗಣೇಶ್ ಹುಟ್ಟಿದ್ದು 1946ರಲ್ಲಿ. 1960ರ ದಶಕದ ಆರಂಭದಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಅವರು ಕೊಡಗು ಜಿಲ್ಲೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಮುಂದೆ ಸೇನೆ ಸೇರಿದರು. ಕೈಗೆ ಹಾಕಿ ಸ್ಟಿಕ್ ಬಂತು. ಸರ್ವೀಸಸ್ ತಂಡದಲ್ಲಿ ಆಡುತ್ತಾ ಭಾರತ ತಂಡಕ್ಕೂ ಆಯ್ಕೆಯಾದರು. ಚಿಕ್ಕಂದಿನಿಂದ ಕಾಲಲ್ಲಿ ಚೆಂಡು ಆಡಿಸಿದವನು ಇಪ್ಪತ್ತರ ಹೊತ್ತಿಗೆ ಬೇರೊಂದು ಆಟಕ್ಕೆ ಹೊರಳಿ ದೇಶಕ್ಕಾಗಿ ಆಡುವುದೆಂದರೆ ಸಣ್ಣ ಮಾತಲ್ಲ. ಓದಿದ ವಿಷಯ ಒಂದು, ಸಿಕ್ಕುವ ಕೆಲಸ ಇನ್ನೊಂದು ಎಂದು ಅಳುಕುತ್ತಿರುವ ಮಕ್ಕಳು ಇಲ್ಲಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಈಗ 1971ಕ್ಕೆ ಬನ್ನಿ. ಹಾಕಿಯ ಮೊದಲ ವಿಶ್ವಕಪ್ ಪಾಕಿಸ್ತಾನದಲ್ಲಿ ನಡೆಯಬೇಕಿತ್ತು. ಆ ವರ್ಷ ಮಾರ್ಚ್‌ನಿಂದ ಪೂರ್ವ ಪಾಕಿಸ್ತಾನ ಹೊತ್ತಿ ಉರಿಯುತ್ತಿತ್ತು; ಲಕ್ಷ ಲಕ್ಷ ನಿರಾಶ್ರಿತರು ಗಡಿ ದಾಟಿ ನಮ್ಮ ಕಡೆಗೆ ಬರುತ್ತಿದ್ದರು. ಎರಡು ದೇಶಗಳ ನಡುವಿನ ಬಿಗುವು ಅಷ್ಟಿದ್ದಾಗ ಭಾರತ ತಂಡ ಅಲ್ಲಿಗೆ ಹೋಗುವಂತಿರಲಿಲ್ಲ. ವಿಶ್ವಕಪ್ಪು ಸ್ಪೇನಿನ ಬಾರ್ಸಿಲೋನಾಕ್ಕೆ ಹೋಯಿತು. ಆ ಅಕ್ಟೋಬರ್‌ನಲ್ಲಿ, ಸೆಮಿಫೈನಲ್‌ನಲ್ಲಿ, ನಮ್ಮವರಿಗೆ ಎದುರಾದದ್ದು ಪಾಕಿಸ್ತಾನವೇ. 2-1ರಿಂದ ಸೋತೆವು. ಬಳಿಕ ಕೆನ್ಯಾವನ್ನು ಸೋಲಿಸಿ ಕಂಚು ಪಡೆದೆವು. ಅದಾಗಿ ಆರು ವಾರ ತುಂಬುವ ಮೊದಲೇ, ಡಿಸೆಂಬರ್ 3ರಂದು, ಯುದ್ಧ ಶುರುವಾಯಿತು. ಹದಿಮೂರು ದಿನಗಳಲ್ಲಿ ಮುಗಿಯಿತು. ಬಾರ್ಸಿಲೋನಾದಲ್ಲಿ ಎದುರಿಗೆ ಆಡಿದವರ ದೇಶದ ಎದುರು ಗಣೇಶ್ ಅವರ ಸೇನೆಯ ಜೊತೆಗಾರರೇ ಬಂದೂಕು ಹಿಡಿದು ನಿಂತರು. ಕೊಡಗಿನ ಎಷ್ಟು ಮನೆಗಳಲ್ಲಿ ಆ ದಿನಗಳಲ್ಲಿ ರೇಡಿಯೋ ಸುತ್ತ ಕೂತಿದ್ದರೆಂದು ಇಲ್ಲಿರುವ ಅಜ್ಜ ಅಜ್ಜಿಯರನ್ನು ಕೇಳಿ.

1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್. ಈ ಸಲ ತಂಡದಲ್ಲಿ ಗಣೇಶ್ ಜೊತೆಗೆ ಸೋಮವಾರಪೇಟೆಯ ಬಿ.ಪಿ. ಗೋವಿಂದರೂ ಇದ್ದರು. ಎರಡು ದೇಶಗಳ ನಡುವೆ ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳಾಗಿತ್ತು. ಪಾಕಿಸ್ತಾನದ ಸುಮಾರು 93 ಸಾವಿರ ಯುದ್ಧಕೈದಿಗಳು ಇನ್ನೂ ನಮ್ಮ ಶಿಬಿರಗಳಲ್ಲೇ ಇದ್ದರು. ಸೆಪ್ಟೆಂಬರ್ 5ರಂದು ಕ್ರೀಡಾಗ್ರಾಮಕ್ಕೇ ನುಗ್ಗಿದ ಉಗ್ರರ ದಾಳಿಯಲ್ಲಿ ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು ಮತ್ತು ತರಬೇತುದಾರರು ಪ್ರಾಣ ಕಳೆದುಕೊಂಡರು. ಆಟ ನಿಂತಿತು, ಮತ್ತೆ ಶುರುವಾಯಿತು. ಅಷ್ಟೆಲ್ಲ ಆದ ಮೇಲೆ ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಮತ್ತೆ ಪಾಕಿಸ್ತಾನ. ಮತ್ತೆ ಸೋತೆವು, 2-0. ಮತ್ತೆ ಕಂಚು ಬಂತು.

ಆ ಪಂದ್ಯವನ್ನು ನೆನೆದಾಗೆಲ್ಲ ನನಗೆ ಆ ಹುಡುಗರ ಮೇಲೆ ಗೌರವ ಉಕ್ಕುತ್ತದೆ. ವರ್ಷ ತುಂಬದ ಯುದ್ಧದ ಬಿಸಿ ಎರಡೂ ಕಡೆ ಇತ್ತು. ಸತ್ತವರ ಮನೆಗಳಲ್ಲಿ ದುಃಖ ಇನ್ನೂ ಹಸಿಯಾಗಿತ್ತು. ಆದರೂ ಶಿಳ್ಳೆ ಊದಿದಾಗ ಹನ್ನೊಂದು ಮಂದಿ ಹನ್ನೊಂದು ಮಂದಿಯ ಎದುರು ಚೆಂಡಿಗಾಗಿ ಓಡಿದರು. ಅಂಪೈರ್ ಕೈ ಎತ್ತಿದರೆ ನಿಂತರು. ಎದುರಾಳಿಯೂ ಅದೇ ನಿಯಮಕ್ಕೆ ತಲೆಬಾಗುತ್ತಾನೆಂಬ ನಂಬಿಕೆ ಇದ್ದುದರಿಂದಲೇ ಅದು ಸಾಧ್ಯವಾಯಿತು.

1973ರ ವಿಶ್ವಕಪ್‌ನಲ್ಲಿ ಗಣೇಶ್ ನಾಯಕರಾದರು. ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ಜೊತೆ 2-2 ಸಮವಾಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಕಪ್ಪು ಕೈತಪ್ಪಿತು. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಗೋವಿಂದ ಇದ್ದರು. ಫೈನಲ್‌ನಲ್ಲಿ ಸೋತದ್ದು ಪಾಕಿಸ್ತಾನವೇ. ಗಣೇಶ್ ಅವರಿಗೆ ಪದ್ಮಶ್ರೀ ಬರಲು 2020 ಆಗಬೇಕಾಯಿತು. ತಡವಾಯಿತೆಂದೇ ನನ್ನ ಭಾವನೆ.

ನಮ್ಮ ಟಿ.ವಿ.ಗಳು ಇಂದು ಭಾರತ–ಪಾಕಿಸ್ತಾನ ಪಂದ್ಯವನ್ನು 'ಮಹಾಯುದ್ಧ' ಎನ್ನುತ್ತವೆ. ಕೊಡಗಿನವರು ಆ ಮಾತನ್ನು ಒಪ್ಪಬಾರದು. ಯುದ್ಧವೆಂದರೇನೆಂದು ನಮಗೆ ಗೊತ್ತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಆಕಾಶಕ್ಕೆ ಹಾರಿದವರು ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಬರಲು 23 ವರ್ಷ ಹಿಡಿಯಿತು. ಅದೇ ತಿಂಗಳು ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನ ವಿಮಾನವೂ ಉರುಳಿ ಅವರು ಸೆರೆಯಾದರು. ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಡಿಸಿ ಕಳಿಸುತ್ತೇನೆಂದು ಹೇಳಿಕಳಿಸಿದರು. ಸೆರೆಯಾದ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡ ಎಂದು ತಂದೆ ತಿಳಿಸಿದರು. ಈ ಸಂಗತಿ ನೀವು ಕೇಳಿಯೇ ಇರುತ್ತೀರಿ. ಯುದ್ಧದ ನಡುವೆಯೂ ನಿಯಮ ಎಲ್ಲರಿಗೂ ಒಂದೇ ಎಂದವರು ಅವರು. ಆಟದಲ್ಲಿ ನಾವು ಅದಕ್ಕಿಂತ ಕೆಳಗಿಳಿಯುವುದೇ?

ಕೈಲ್‌ಪೋಳ್ದ್ ದಿನ ನಾವು ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜಿಸುತ್ತೇವೆ. ಪೂಜೆಯಾದ ಮೇಲೆ ಊರವರೆಲ್ಲ ಸೇರಿ ಆಟ, ಓಟ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಆಯುಧಕ್ಕೂ ಆಟಕ್ಕೂ ಒಂದೇ ಹಬ್ಬದಲ್ಲಿ ಜಾಗ ಕೊಟ್ಟ ನಮ್ಮ ಹಿರಿಯರು ಎರಡನ್ನೂ ಕಲಸಿಹಾಕಲಿಲ್ಲ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಆರಂಭಿಸಿದಾಗ 60 ತಂಡಗಳಿದ್ದವು; 2024ರಲ್ಲಿ ಅದು 360 ಆಯಿತು. ಅಪ್ಪ, ಮಗ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಓಡುವ ಹಬ್ಬ ಅದು. ಜಮೀನಿನ ವಿಷಯಕ್ಕೆ ಮಾತು ಬಿಟ್ಟ ಮನೆತನಗಳೂ ಅಲ್ಲಿ ಎದುರುಬದುರಾಗುತ್ತವೆ. ಮುಂದಿನ ಹಬ್ಬದಲ್ಲಿ ನಿಮ್ಮಲ್ಲಿ ಕೆಲವರು ಆಡುತ್ತೀರಿ, ಕೆಲವರು ಅಂಪೈರ್ ಆಗುತ್ತೀರಿ, ಗಂಟಲಿರುವ ಒಂದಿಬ್ಬರು ಮೈಕು ಹಿಡಿಯುತ್ತೀರಿ. ಮೈಕು ಹಿಡಿದವರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಒಕ್ಕದ, ಅಂದರೆ ಮನೆತನದ, ಎದುರು ಗೋಲು ಹೊಡೆದವರ ಹೆಸರನ್ನೂ ಅಷ್ಟೇ ಜೋರಾಗಿ, ಸಂತೋಷದಿಂದ ಕೂಗಿ.