ಗೆಲ್ಲು ಕಡಿಯುವ ಮೊದಲು ಸಂಘದಲ್ಲಿ ಮಾತಾಡೋಣ

(ಮೆಲ್ಕಾರ್ ಪರಿಸರದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಮಳೆಗಾಲದ ಪೂರ್ವಸಿದ್ಧತೆಯ ಬಗ್ಗೆ ನೀಡಿದ ಭಾಷಣದ ಬರಹ ರೂಪ)



ಉಳಿತಾಯ, ಸಾಲ, ಬ್ಯಾಂಕ್ ಲಿಂಕೇಜ್ ಇದರ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಮರದ ಗೆಲ್ಲು ಕಡಿಯುವುದರ ಬಗ್ಗೆ ಮಾತು ಅಂತ ಹೇಳಿದಾಗ ಕೆಲವರು ನಕ್ಕರು. ಅದು ಗಂಡಸರ ಕೆಲಸ, ನಮಗೆ ಯಾಕೆ ಅಂತ ಒಬ್ಬರು ಕೇಳಿದರು. ಮರ ಹತ್ತುವುದು ಹೆಚ್ಚಾಗಿ ಗಂಡಸರೇ, ಹೌದು. ಆದರೆ ಮನೆ ಮಾಡಿನ ಮೇಲೆ ಗೆಲ್ಲು ಬಾಗಿದ್ದನ್ನು ಮೊದಲು ನೋಡುವವರು ನಾವು. ಹತ್ತುವವನಿಗೆ ಹೇಳಿ ಕಳಿಸುವವರು ನಾವು. ಅವನ ಸಂಬಳ ಕೊಡುವವರು ನಾವು. ಕೆಳಗೆ ನಿಂತು ಹಗ್ಗ ಎಳೆಯುವವರೂ ನಾವೇ. ಅವನು ಬಿದ್ದರೆ ಆಸ್ಪತ್ರೆಯಲ್ಲಿ ಕೂರುವುದೂ ಒಬ್ಬಳು ಹೆಂಗಸೇ. ಹಾಗಾಗಿ ಇದು ನಮ್ಮ ಸಂಘದ ವಿಷಯ.

ಮಳೆ ನಮ್ಮನ್ನು ಕಾಯುವುದಿಲ್ಲ

ನಮ್ಮ ಹಿರಿಯರು ಪತ್ತನಾಜೆಯ ಒಳಗೆ ಮನೆಯ ಸುತ್ತ ಚೊಕ್ಕ ಮಾಡಿ, ಕಟ್ಟಿಗೆ ಒಳಗೆ ಹಾಕಿ, ಮಾಡು ಸರಿಮಾಡಿ ಮಳೆಗೆ ತಯಾರಾಗುತ್ತಿದ್ದರು. ಈಗ ನಾವು ಜೂನ್ ಒಂದು ಕಳೆಯಲಿ, ಶಾಲೆ ಸುರುವಾಗಲಿ, ಆಮೇಲೆ ನೋಡುವ ಅಂತ ಕೂರುತ್ತೇವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಂತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಅದೇ ವಾರ ನಮ್ಮ ಜಿಲ್ಲೆಯಲ್ಲೂ ಜೋರು ಮಳೆ. ಜೂನ್‌ಗೆ ಕಾದವರು ಒದ್ದೆ ಮರಕ್ಕೆ ಆಳು ಹತ್ತಿಸಬೇಕಾಯಿತು. ಒದ್ದೆ ಮರದ ತೊಗಟೆಯಲ್ಲಿ ಪಾಚಿ ಇರುತ್ತದೆ, ಕಾಲು ನಿಲ್ಲುವುದಿಲ್ಲ.

ಆದ್ದರಿಂದ ಗೆಲ್ಲು ಸವರುವ ಕೆಲಸ ಫೆಬ್ರವರಿಯಿಂದ ಎಪ್ರಿಲ್ ಒಳಗೆ ಮುಗಿಯಬೇಕು. ಮಾವು, ಗೇರು ಇರುವವರು ಫಸಲಿನ ಮರವನ್ನು ಕೊಯ್ಲಿನ ನಂತರ ಹಗುರ ಮಾಡಲಿ. ಆದರೆ ಮಾಡಿನ ಮೇಲೆ, ಅಂಗಳದ ಮೇಲೆ, ದಾರಿಯ ಮೇಲೆ ಬಾಗಿದ ಒಣ ಗೆಲ್ಲು ಇದ್ದರೆ ಹಣ್ಣು ಅಂತ ಕಾಯಬೇಡಿ.

ಒಂದು ಸಂಘದಲ್ಲಿ ನಡೆದದ್ದು

ಊರು ಯಾವುದು, ಹೆಸರು ಏನು ಅಂತ ಹೇಳುವುದಿಲ್ಲ. ಒಬ್ಬ ಸದಸ್ಯೆಯ ಮನೆಯ ಹಲಸಿನ ಗೆಲ್ಲು ಸಿಮೆಂಟ್ ಶೀಟಿನ ಮೇಲೆ ಬಾಗಿತ್ತು. ಅದೇ ಸಂಘದ ಇನ್ನೊಬ್ಬಳು ಸದಸ್ಯೆಯ ಗಂಡ ಮರ ಹತ್ತುವವರು. ಮಳೆ ಬಿಟ್ಟ ಒಂದು ಸಂಜೆ ಅವರನ್ನು ಕರೆಸಿದರು. ಹಗ್ಗ ಇರಲಿಲ್ಲ. ಸ್ವಲ್ಪ ಕುಡಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಬಲ ಹೋಯಿತು. ಆ ಹೆಂಡತಿ ಸಂಘದಿಂದ ದನ ಸಾಕಲು ತೆಗೆದುಕೊಂಡ ಸಾಲ ಆಸ್ಪತ್ರೆಗೆ ಮುಗಿಯಿತು. ಕಂತು ನಿಂತಿತು. ಕರೆಸಿದವಳು, ನಾನು ಬಲವಂತ ಮಾಡಿದ್ದಾ ಅಂದಳು. ಬಿದ್ದವನ ಹೆಂಡತಿ, ನಿನ್ನ ಮಾಡಿಗೋಸ್ಕರ ನನ್ನ ಮನೆ ಹೋಯಿತು ಅಂದಳು. ಹತ್ತು ವರ್ಷ ಒಂದೇ ಚಾಪೆಯಲ್ಲಿ ಕೂತವರು ಮಾತು ಬಿಟ್ಟರು. ಸಂಘವೇ ಒಡೆಯುವುದರಲ್ಲಿತ್ತು.

ಸಹೋದರಿಯರೇ, ಯಾರ ತಪ್ಪು ಅಂತ ತೀರ್ಪು ಕೊಡಲು ಇದನ್ನು ಹೇಳಿದ್ದಲ್ಲ. ಮರ ಒಬ್ಬಳ ಮನೆಯದ್ದು, ಹತ್ತುವವನು ಇನ್ನೊಬ್ಬಳ ಮನೆಯವನು. ನಮ್ಮ ಸಂಘಗಳಲ್ಲಿ ಇಬ್ಬರೂ ಇದ್ದಾರೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗಾಗಿ ಸೇವಾಧಾಮ ಅಂತ ಪುನಶ್ಚೇತನ ಕೇಂದ್ರ ಉಂಟು. ಅಡಿಕೆ, ತೆಂಗು, ಕಾಳುಮೆಣಸು ಇರುವ ನಮ್ಮ ಊರಲ್ಲಿ ಅಂಥ ಕೇಂದ್ರ ಯಾಕೆ ಬೇಕು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟಿನ ಹತ್ತಿರ ನಮ್ಮ ಕೈ ಬೇಡ

ತಂತಿಗೆ ಮುಟ್ಟಿದ ಅಥವಾ ತಂತಿಯ ಹತ್ತಿರ ಇರುವ ಗೆಲ್ಲನ್ನು ನಾವೂ ಕಡಿಯಬಾರದು, ನಮ್ಮ ಆಳಿನಿಂದಲೂ ಕಡಿಸಬಾರದು. ಅದು ಮೆಸ್ಕಾಂನವರ ಕೆಲಸ. 1912 ನಂಬ್ರಕ್ಕೆ ಫೋನ್ ಮಾಡಿ ಅಥವಾ ಶಾಖಾ ಕಚೇರಿಗೆ ಒಂದು ಅರ್ಜಿ ಕೊಡಿ. ಅವರು ಲೈನ್ ಆಫ್ ಮಾಡಿದ ನಂತರವೇ ಕೆಲಸ. ಮನೆಯ ಮೈನ್ ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ಕೆಲವರು ತಿಳಿದಿದ್ದಾರೆ. ಅದರಿಂದ ಕಂಬದ ತಂತಿಯ ಕರೆಂಟು ನಿಲ್ಲುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಈಗ ಅಡಿಕೆ ಕೊಯ್ಯಲು, ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಒಳ್ಳೆಯದು. ಆದರೆ ಫೈಬರ್ ಅಂತ ಹೆಸರಿದ್ದ ಕೂಡಲೇ ಶಾಕ್ ಹೊಡೆಯುವುದಿಲ್ಲ ಅಂತ ತಿಳಿಯಬೇಡಿ. ಕಾರ್ಬನ್ ಕರೆಂಟನ್ನು ಹಾಯಿಸುತ್ತದೆ. ಅಲ್ಯುಮಿನಿಯಂ ದೋಟಿ, ಕಬ್ಬಿಣದ ಏಣಿ, ಒದ್ದೆ ಬಿದಿರು, ಹಸಿ ಗೆಲ್ಲು ಎಲ್ಲವೂ ಹಾಗೆಯೇ. ತಂತಿಯ ಅಡಿಯಲ್ಲಿ ದೋಟಿ ನಿಲ್ಲಿಸಲೇಬೇಡಿ. ಗಾಳಿಗೆ ತಂತಿ ಕಡಿದು ಬಿದ್ದಿದ್ದರೆ ಮಕ್ಕಳನ್ನು ದೂರ ಮಾಡಿ, ಯಾರನ್ನೂ ಹತ್ತಿರ ಬಿಡಬೇಡಿ, 1912ಕ್ಕೆ ಹೇಳಿ.

ಹೇಗೆ ಕಡಿಯುವುದು

ಮಲ್ಲಿಗೆ ಗಿಡ ಸವರುವುದು ನಿಮಗೆ ಗೊತ್ತುಂಟು. ಹಟ್ಟಿಗೆ ಸೊಪ್ಪು ತರುವಾಗ ಯಾವ ಮರದಲ್ಲಿ ಎಷ್ಟು ಬಿಡಬೇಕು ಅಂತ ನಿಮ್ಮ ಅಮ್ಮಂದಿರಿಗೆ ಗೊತ್ತಿತ್ತು. ಎಲ್ಲ ಗೆಲ್ಲು ತೆಗೆದರೆ ಬರುವ ವರ್ಷ ಸೊಪ್ಪು ಇಲ್ಲ. ಅದೇ ಬುದ್ಧಿ ಇಲ್ಲಿಯೂ ಬೇಕು. ಕೆಲಸ ನೀವೇ ಮಾಡಬೇಕಂತಲ್ಲ, ಮಾಡಿಸುವಾಗ ಕೆಳಗೆ ನಿಂತು ಹೇಳಲು ಗೊತ್ತಿರಬೇಕು.

1. ಮೊದಲು ಒಣಗಿದ, ಹುಳ ತಿಂದ, ಒಂದಕ್ಕೊಂದು ಉಜ್ಜುವ ಗೆಲ್ಲು. ಆಮೇಲೆ ಮಾಡಿನ ಮೇಲೆ ಬಂದದ್ದು. ಒಂದೇ ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

2. ಮರದ ತಲೆ ಕಡಿಯಬೇಡಿ. ತಲೆ ಕಡಿದರೆ ಮರ ಗಿಡ್ಡ ಆಯಿತು, ಅಪಾಯ ಹೋಯಿತು ಅಂತ ಅನಿಸುತ್ತದೆ. ಆದರೆ ಕಡಿದಲ್ಲಿ ಕೊಳೆ ಹಿಡಿಯುತ್ತದೆ, ಅದರ ಸುತ್ತ ಚಿಗುರುವ ಗೆಲ್ಲುಗಳಿಗೆ ಹಿಡಿತ ಇರುವುದಿಲ್ಲ. ನಾಲ್ಕೈದು ವರ್ಷ ಕಳೆದು ಗಾಳಿಗೆ ಅದೇ ಮುರಿದು ಬೀಳುತ್ತದೆ.

3. ದಪ್ಪ ಗೆಲ್ಲನ್ನು ಕತ್ತಿಯಲ್ಲಿ ಕೊಚ್ಚಬಾರದು, ಗರಗಸದಲ್ಲಿ ಮೂರು ಸಲಕ್ಕೆ ಕೊಯ್ಯಬೇಕು. ಕಾಂಡದಿಂದ ಒಂದೂವರೆ ಗೇಣು ಹೊರಗೆ, ಅಡಿಯಿಂದ ಮೂರರಲ್ಲಿ ಒಂದು ಭಾಗ ಕೊಯ್ಯುವುದು. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ಗೆಲ್ಲು ಸಿಪ್ಪೆ ಎಳೆಯದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ತೆಗೆಯುವುದು.

4. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂಥ ಭಾಗ ಇರುತ್ತದೆ. ಅದನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತಿಳಿಸಿದರು. ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ, ಮರ ಅದನ್ನು ಒಳಗಿನಿಂದ ಗೋಡೆ ಕಟ್ಟಿ ಮುಚ್ಚುತ್ತದೆ. ಆ ಬಳೆ ಉಳಿದರೆ ಮಾತ್ರ ಗೋಡೆ ಕಟ್ಟಲು ಸಾಧ್ಯ.

5. ಗೇರು, ಮಾವಿನ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 10 ಲೀಟರ್ ನೀರು, ಇದೇ ಲೆಕ್ಕದಲ್ಲಿ ಬೇಕಾದಷ್ಟೇ ಮಾಡಿಕೊಳ್ಳಿ. ಪ್ಲಾಸ್ಟಿಕ್ ಪಾತ್ರೆ ಆಗಬಹುದು, ಕಬ್ಬಿಣದ್ದು ಬೇಡ.

6. ಹಲಸು ಕಾಂಡದಲ್ಲಿ, ದಪ್ಪ ಗೆಲ್ಲಿನಲ್ಲಿ ಕಾಯಿ ಬಿಡುವ ಮರ. ಅದರ ದಪ್ಪ ಗೆಲ್ಲು ಕಡಿದರೆ ಕಾಯಿಯೂ ಹೋಯಿತು. ತೆಂಗಿನಲ್ಲಿ ಒಣ ಮಡಲು ಮಾತ್ರ ತೆಗೆಯಿರಿ, ಹಸಿ ಮಡಲು ತೆಗೆದರೆ ಫಸಲು ಕಡಿಮೆ. ದಾರಿಯ ಮೇಲಿರುವ ಕಾಯಿ ಮಾತ್ರ ಮಳೆಗೆ ಮೊದಲೇ ಇಳಿಸಿ.

7. ಹತ್ತುವ ಮೊದಲು ಹಕ್ಕಿ ಗೂಡು, ಜೇನು, ಕಣಜ ಉಂಟಾ ನೋಡಿ. ಕಣಜ ಕಚ್ಚಿ ಕೈಬಿಟ್ಟು ಬಿದ್ದವರೂ ಇದ್ದಾರೆ.

ಮೆಲ್ಕಾರ್ ಪೇಟೆಯ ಮರಗಳು

ನಮ್ಮಲ್ಲಿ ಟೈಲರಿಂಗ್, ಹೋಟೆಲು, ಹಣ್ಣಿನ ವ್ಯಾಪಾರ ಮಾಡುವ ಸದಸ್ಯೆಯರೂ ಇದ್ದಾರೆ. ಹೆದ್ದಾರಿ ಅಗಲ ಮಾಡುವಾಗ ಬಿ.ಸಿ.ರೋಡಿನಿಂದ ಆಚೆಗೆ ದಾರಿ ಬದಿಯ ಎಷ್ಟೋ ಮರಗಳು ಹೋದವು. ಈಗ ಎಪ್ರಿಲ್ ಬಿಸಿಲಿಗೆ ಬಸ್ಸು ಕಾಯುವವರನ್ನು ಕೇಳಿದರೆ ನೆರಳಿನ ಬೆಲೆ ಹೇಳುತ್ತಾರೆ. ಅಂಗಡಿಯ ಬೋರ್ಡು ಕಾಣುವುದಿಲ್ಲ ಅಂತ ಉಳಿದ ಮರವನ್ನು ಬೋಳಿಸುವುದು, ಬುಡದ ಸಿಪ್ಪೆ ತೆಗೆಯುವುದು, ಆಸಿಡ್ ಹಾಕುವುದು ಬೇಡ. ಕೆಳಗಿನ ನಾಲ್ಕು ಸಣ್ಣ ಗೆಲ್ಲು ತೆಗೆದರೆ ಬೋರ್ಡೂ ಕಾಣುತ್ತದೆ, ನೆರಳೂ ಇರುತ್ತದೆ, ಗಿರಾಕಿಯೂ ನಿಲ್ಲುತ್ತಾರೆ. ಆದರೆ ರಸ್ತೆ ಬದಿಯ ಮರ ನಮ್ಮದಲ್ಲ. ಪುರಸಭೆಗೆ ಅಥವಾ ಪಂಚಾಯತಿಗೆ, ಅರಣ್ಯ ಇಲಾಖೆಗೆ ಬರೆದು ಕೊಡಬೇಕು. ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

ನಮ್ಮ ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಉಂಟು. ತೆಂಗು, ರಬ್ಬರ್, ಗಾಳಿ ಮರ, ನೀಲಗಿರಿಯಂಥ ಕೆಲವನ್ನು ಬಿಟ್ಟರೆ ಬುಡ ಸಮೇತ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ದೊಡ್ಡ ಗೆಲ್ಲು ತೆಗೆಯುವ ಮೊದಲೂ ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ನೆರೆಮನೆಯ ಮರ ನಮ್ಮ ಮಾಡಿನ ಮೇಲೆ ಬಂದರೆ ಮೊದಲು ಹೋಗಿ ಮಾತಾಡಿ. ರಾತ್ರಿ ಕಡಿದು ಹಾಕಿ ಬೆಳಿಗ್ಗೆ ಜಗಳ ಮಾಡುವುದು ಬೇಡ. ಬೀಳುವ ಸ್ಥಿತಿಯಲ್ಲಿರುವ ಮರದಿಂದ ಜನರಿಗೆ ಅಪಾಯ ಇದ್ದು, ಹೇಳಿದರೂ ಕೇಳದಿದ್ದರೆ ತಹಶೀಲ್ದಾರರಿಗೆ ದೂರು ಕೊಡಬಹುದು. ಮೊದಲು ಇದು ಸಿ.ಆರ್.ಪಿ.ಸಿ. 133ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನೆರೆಯವರು ಬಡವರಾಗಿದ್ದು ಕಡಿಸಲು ಹಣ ಇಲ್ಲದಿದ್ದರೆ? ಆಗ ದೂರಿಗಿಂತ ಖರ್ಚಿನಲ್ಲಿ ಅರ್ಧ ಹಾಕುವುದು ಅಗ್ಗ.

ಹತ್ತುವವನ ಜೀವಕ್ಕೆ ಬೆಲೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದ ಒಳಗಿನ, ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ ಎಲ್ಲರೂ ಮಾಡಬಹುದು. ಅಪಘಾತದಲ್ಲಿ ಸಾವು ಅಥವಾ ಸಂಪೂರ್ಣ ಅಂಗವಿಕಲತೆ ಆದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಲೆಕ್ಕ. ಮೇ ಕೊನೆಗೆ ಖಾತೆಯಲ್ಲಿ ಹಣ ಇರಬೇಕು, ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆ ಉಂಟು, ಕಂತಿನ ಬಹುಪಾಲು ಮಂಡಳಿಯೇ ಕಟ್ಟುತ್ತದೆ. ಇದೇ ಮಂಡಳಿ 2011ರಿಂದ ಯಂತ್ರದಲ್ಲಿ ತೆಂಗಿನ ಮರ ಹತ್ತುವ ತರಬೇತಿ ಕೊಡುತ್ತಾ ಬಂದಿದೆ, ಮಹಿಳೆಯರೂ ಕಲಿತಿದ್ದಾರೆ.

ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಕೂರಿಸಬೇಡಿ. ಬೆನ್ನು, ಕುತ್ತಿಗೆ ಅಲುಗಾಡಿದರೆ ಇದ್ದ ಬಲವೂ ಹೋಗಬಹುದು. ಇದ್ದ ಹಾಗೆಯೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಅಲುಗಾಡದ ಹಾಗೆ ಮಲಗಿಸಿ.

ಈ ತಿಂಗಳ ಸಭೆಯಲ್ಲಿ ಬರೆಯಬೇಕಾದ ನಿರ್ಣಯಗಳು

ಮರ ಅಪಾಯ ಅಂತ ಹೆದರಿ ಬುಡ ಕಡಿಯುವುದೂ ಬೇಡ, ಏನೂ ಆಗುವುದಿಲ್ಲ ಅಂತ ಸುಮ್ಮನೆ ಕೂರುವುದೂ ಬೇಡ. ಪ್ರತಿ ಸಂಘ ಈ ನಾಲ್ಕನ್ನು ನಡಾವಳಿ ಪುಸ್ತಕದಲ್ಲಿ ಬರೆಯಲಿ ಅಂತ ನಾವು ಕೇಳಿಕೊಳ್ಳುತ್ತೇವೆ.

ಒಂದು, ಫೆಬ್ರವರಿಯ ಒಂದು ಭಾನುವಾರ ಎಲ್ಲ ಸದಸ್ಯೆಯರ ಮನೆಗೆ ಒಟ್ಟಿಗೆ ಹೋಗಿ ಅಪಾಯದ ಗೆಲ್ಲುಗಳ ಪಟ್ಟಿ ಮಾಡುವುದು. ಒಂಟಿ ಹೆಂಗಸರ, ವಯಸ್ಸಾದವರ ಮನೆ ಮೊದಲು.

ಎರಡು, ತಂತಿಯ ಹತ್ತಿರದ್ದನ್ನು ಮೆಸ್ಕಾಂಗೆ ಒಂದೇ ಅರ್ಜಿಯಲ್ಲಿ ಕೊಡುವುದು.

ಮೂರು, ಉಳಿದದ್ದಕ್ಕೆ ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ ಇರುವ ಕೆಲಸದವರನ್ನು ಒಂದೇ ವಾರದಲ್ಲಿ ಕರೆಸುವುದು. ಹತ್ತು ಮನೆ ಒಟ್ಟು ಸೇರಿದರೆ ಖರ್ಚೂ ಕಡಿಮೆ. ಕುಡಿದು ಬಂದರೆ ಅವತ್ತು ಕೆಲಸ ಇಲ್ಲ. ಮಳೆ ಬಂದರೆ ನಾಳೆ. ಸಂಬಳದಲ್ಲಿ ಚೌಕಾಸಿ ಬೇಡ. ನೂರು ರೂಪಾಯಿ ಉಳಿಸಲು ಹಗ್ಗ ಇಲ್ಲದವನನ್ನು ಹುಡುಕಬೇಡಿ.

ನಾಲ್ಕು, ವಿಮೆ ಇಲ್ಲದವರನ್ನು ಮರಕ್ಕೆ ಹತ್ತಿಸುವುದಿಲ್ಲ. 20 ರೂಪಾಯಿ ಅವರಲ್ಲಿ ಇಲ್ಲದಿದ್ದರೆ ಸಂಘವೇ ಹಾಕಲಿ. ಇಬ್ಬರು ಹೋಗಿ ಬ್ಯಾಂಕಿನಲ್ಲಿ ಫಾರ್ಮ್ ತುಂಬಿಸಿ ಕೊಡಿ.

ಕಡಿದ ಸೊಪ್ಪನ್ನು ಬೆಂಕಿಗೆ ಹಾಕಬೇಡಿ. ಹಟ್ಟಿಗೆ, ಅಡಿಕೆ ಬುಡಕ್ಕೆ, ಮಲ್ಲಿಗೆಗೆ ಹಾಕಿ. ಗೆಲ್ಲು ಕಟ್ಟಿಗೆ ಆಯಿತು.

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕು ಎಂಬ ಅರ್ಥದ ಮಾತು ಉಂಟು. ಮರವನ್ನು ಉಳಿಸಿ, ಹತ್ತುವವನನ್ನು ಮರೆತರೆ ಅದು ಅರ್ಧ ಕೆಲಸ. ನಿಮ್ಮ ಅಂಗಳದ ಮರ ನೆರಳು ಕೊಡಲಿ, ಅದನ್ನು ಸವರಲು ಬಂದವನು ಸಂಜೆ ನಡೆದುಕೊಂಡೇ ತನ್ನ ಮನೆಗೆ ಹೋಗಲಿ.