ಒಂದೇ ಕೇರಿಯವರು: ಫ್ರೆಂಚರ ‘ವ್ವಾಝ್ಯಾಂ’



ನೆರೆಯವನನ್ನು ಫ್ರೆಂಚ್ ಭಾಷೆಯಲ್ಲಿ ‘ವ್ವಾಝ್ಯಾಂ’ ಎನ್ನುತ್ತಾರೆ. ಕೊನೆಯ ಧ್ವನಿಯನ್ನು ಮೂಗಿನಿಂದ ಹೊರಡಿಸಬೇಕು. ನೆರೆಯವರು ಹಲವರಾದರೆ ಬರವಣಿಗೆಯಲ್ಲಿ ಒಂದು ‘ಎಸ್’ ಸೇರುತ್ತದೆ, ಉಚ್ಚಾರಣೆ ಮಾತ್ರ ಬದಲಾಗದು. ಫ್ರೆಂಚ್ ಕಲಿಯುವವರನ್ನು ಗೋಳಾಡಿಸುವ ಸಂಗತಿಗಳಲ್ಲಿ ಇದೂ ಒಂದು!

ಲ್ಯಾಟಿನ್ನಿನಲ್ಲಿ ‘ವೀಕುಸ್’ ಎಂದರೆ ಹಳ್ಳಿ ಅಥವಾ ಕೇರಿ. ಅದೇ ಕೇರಿಯವನು ‘ವೀಕೀನುಸ್’. ಒಂದರ ಹಿಂದೊಂದು ಬಂದ ಎರಡು ‘ಈ’ಕಾರಗಳಲ್ಲಿ ಮೊದಲನೆಯದು ಜನರ ಬಾಯಲ್ಲಿ ‘ಎ’ಕಾರವಾಯಿತು. ಸ್ಪೇನಿನವರ ‘ವೆಸೀನೋ’ ಇದಕ್ಕೆ ಸಾಕ್ಷಿ. ಫ್ರೆಂಚರು ಅಲ್ಲಿಗೂ ನಿಲ್ಲದೆ ಅದನ್ನು ‘ವ್ವಾ’ ಮಾಡಿಕೊಂಡರು. ಭೂಗೋಳದ ಪಾಠದಲ್ಲಿ ಬರುವ ಗ್ರೀನಿಚ್ ಹೆಸರಿನ ಕೊನೆಯ ತುಂಡೂ ಈ ‘ವೀಕುಸ್’ನಿಂದ ಬಂದದ್ದೇ.

ಸಂಸ್ಕೃತದ ‘ವಿಶ್’ ಇದೇ ಮನೆತನದ್ದು. ಪ್ರವೇಶ, ನಿವೇಶನ ಎಂಬ ನಮ್ಮ ದಿನಬಳಕೆಯ ಮಾತುಗಳು ಅದರಿಂದ ಹುಟ್ಟಿದವು. ನೆರೆಯವನಿಗೆ ಸಂಸ್ಕೃತದಲ್ಲಿ ‘ಪ್ರತಿವೇಶಿ’ ಎಂಬ ಪದವೇ ಇದೆ. ಮನೆ ಎಂಬರ್ಥದ ಗ್ರೀಕರ ‘ಓಇಕೋಸ್’ ಕೂಡ ಇವರ ಬಂಧು. ಜರ್ಮನ್ ಜೀವವಿಜ್ಞಾನಿ ಹೆಕೆಲ್ 1866ರಲ್ಲಿ ‘ಇಕಾಲಜಿ’ ಪದವನ್ನು ಟಂಕಿಸಿದ್ದು ಅದರಿಂದ.

ಇಲ್ಲೊಂದು ಸೂಕ್ಷ್ಮವಿದೆ. ಕನ್ನಡದ ‘ನೆರೆ’ಯಲ್ಲಿ, ಇಂಗ್ಲಿಷಿನ ‘ನೇಬರ್’ನಲ್ಲಿ ಇರುವುದು ಸಾಮೀಪ್ಯ. ಫ್ರೆಂಚ್ ಪದದ ಬೇರಿನಲ್ಲಿ ದೂರದ ಲೆಕ್ಕವಿಲ್ಲ. ನೀನು ಯಾವ ಊರಿಗೆ ಸೇರಿದವನು ಎಂಬುದೇ ಪ್ರಶ್ನೆ. ಇದು ಬರೀ ನಿಘಂಟಿನ ಮಾತಲ್ಲ. ಫ್ರಾನ್ಸ್-ಸ್ಪೇನ್ ಗಡಿಯ ಪಿರೆನೀಸ್ ಪರ್ವತದ ಕಣಿವೆಗಳಲ್ಲಿ, 1789ರ ಕ್ರಾಂತಿಗೆ ಮುಂಚೆ, ‘ನೆರೆಯವ’ ಎನಿಸಿಕೊಳ್ಳುವುದು ಒಂದು ಹಕ್ಕಾಗಿತ್ತು. ಆ ಹಕ್ಕಿದ್ದ ಮನೆಯವರು ಊರಿನ ಹುಲ್ಲುಗಾವಲಿಗೆ ದನಕುರಿ ಬಿಡಬಹುದು, ಕಾಡಿನಿಂದ ಸೌದೆ ತರಬಹುದು, ಊರಸಭೆಯಲ್ಲಿ ಮಾತಾಡಬಹುದು. ಹೊರಗಿನಿಂದ ಬಂದವನು ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳಿದರೂ, ಊರು ಒಪ್ಪುವವರೆಗೆ ನೆರೆಯವನಲ್ಲ! ಒಪ್ಪಿಗೆಗೆ ಹಲವೆಡೆ ಹಣವನ್ನೂ ತೆರಬೇಕಿತ್ತು. ಬೇಲಿ ಎಲ್ಲಿ ಹಾಕಬೇಕೆಂದು ಪದಗಳಿಗೂ ಗೊತ್ತಿರುತ್ತದೆ.

ಕ್ರಾಂತಿಯ ನಂತರ ಇಂಥ ವಿಶೇಷ ಹಕ್ಕುಗಳ ಬಲ ಕುಂದಿತು. ಪದಕ್ಕೆ ಪಕ್ಕದವನು ಎಂಬ ಸಾಮಾನ್ಯ ಅರ್ಥವಷ್ಟೇ ಉಳಿಯಿತು. ಇಂದಿನ ಪ್ಯಾರಿಸ್ಸಿನ ಬಹುಮಹಡಿ ಕಟ್ಟಡಗಳಲ್ಲಿ, ಮೆಟ್ಟಿಲು ಹತ್ತಿ ನಿಲ್ಲುವ ಜಾಗಕ್ಕೆ ಎದುರುಬದುರು ಬಾಗಿಲಿರುವವನನ್ನು ‘ವ್ವಾಝ್ಯಾಂ ದ ಪಾಲಿಯೇ’ ಎನ್ನುತ್ತಾರೆ. ಎಷ್ಟೋ ವರ್ಷ ಎದುರು ಬಾಗಿಲಲ್ಲೇ ಇದ್ದು ಹೆಸರು ಕೇಳದವರೂ ಉಂಟು. ಇದನ್ನು ಕಂಡು ಅಲ್ಲಿನ ಅತನಾಸ್ ಪೆರಿಫಾನ್ ಎಂಬವರು 1999ರಲ್ಲಿ ‘ನೆರೆಯವರ ಹಬ್ಬ’ವನ್ನು ಆರಂಭಿಸಿದರು. ಪ್ರತಿವರ್ಷ ವಸಂತದ ಒಂದು ಸಂಜೆ ಅಂಗಳದಲ್ಲೋ ಬೀದಿಯಲ್ಲೋ ಮೇಜು ಹಾಕಿ, ಮನೆಮನೆಯಿಂದ ತಂದ ತಿನಿಸನ್ನು ಹಂಚಿಕೊಳ್ಳುತ್ತಾರೆ. ಅಲ್ಲಿ ಕೂರಲು ಯಾರ ಒಪ್ಪಿಗೆಯ ಹಣವೂ ಬೇಕಿಲ್ಲ. ಒಂದು ತಟ್ಟೆ ತಿಂಡಿ ತಂದರಾಯಿತು.