ವಜ್ರದಲ್ಲಿ ನೋಡಬೇಕಾದದ್ದು ತೂಕವೋ, ಬೆಳಕೋ?

ಮನೆಯಲ್ಲಿ ಮದುವೆ ಗೊತ್ತಾದಾಗ ವಜ್ರದ ಓಲೆ, ಮೂಗುಬೊಟ್ಟು, ಉಂಗುರ ಕೊಳ್ಳುವ ಮಾತು ಬರುವುದುಂಟು. ಅಂಗಡಿಯಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಕ್ಯಾರಟ್?" ಎರಡನೆಯದು, "ದೋಷ ಏನಾದರೂ ಇದೆಯೇ?" ಆದರೆ "ಸಾಣೆ ಹೇಗಿದೆ?" ಎಂದು ಕೇಳುವವರು ಕಡಿಮೆ. ವರ್ಷಗಟ್ಟಲೆ ಕೂಡಿಟ್ಟ ಹಣ ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟುಹೋಗುವ ಸಂದರ್ಭ ಅದು. ಕೇಳದೆ ಬಿಟ್ಟ ಆ ಮೂರನೆಯ ಪ್ರಶ್ನೆಯನ್ನು ಕೇಳಲು ಬೇಕಾದ ತಿಳಿವಳಿಕೆ ನಿಮ್ಮ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ.

ವಜ್ರದ ಬೆಲೆಯನ್ನು ನಾಲ್ಕು ಗುಣಗಳಿಂದ ಅಳೆಯುತ್ತಾರೆ: ತೂಕ, ಬಣ್ಣ, ಸ್ವಚ್ಛತೆ ಮತ್ತು ಸಾಣೆ. ಇವುಗಳಲ್ಲಿ ಬಣ್ಣ ಮತ್ತು ಸ್ವಚ್ಛತೆ ಹರಳು ಹುಟ್ಟುವಾಗಲೇ ಬಹುಮಟ್ಟಿಗೆ ನಿಶ್ಚಯವಾಗುತ್ತವೆ. ಸಾಣೆಯಾದರೋ ಸಂಪೂರ್ಣವಾಗಿ ಮನುಷ್ಯನ ಕೈಯ ಕೆಲಸ. ವಜ್ರವನ್ನು ವಜ್ರದಿಂದಲೇ ಕತ್ತರಿಸಬೇಕು ಎಂಬ ಮಾತಿದೆಯಲ್ಲ, ಅದು ಅಕ್ಷರಶಃ ನಿಜ. ವಜ್ರದ ಪುಡಿ ಸವರಿದ ಚಕ್ರದ ಮೇಲೆ ಉಜ್ಜಿಯೇ ದುಂಡು ಹರಳಿಗೆ 57 ಅಥವಾ 58 ಮುಖಗಳನ್ನು ಕೊಡುತ್ತಾರೆ. ನಮ್ಮ ದೇಶದ ಸೂರತ್ ನಗರ ಈ ಕೆಲಸಕ್ಕೆ ಜಗತ್ತಿನಲ್ಲೇ ದೊಡ್ಡ ಕೇಂದ್ರ.

ಹರಳಿನ ಭಾಗಗಳನ್ನು ಮೊದಲು ಗುರುತಿಸೋಣ. ಮೇಲೆ ಮೇಜಿನಂತೆ ಚಪ್ಪಟೆಯಾದ ದೊಡ್ಡ ಮುಖಕ್ಕೆ ಟೇಬಲ್ ಎನ್ನುತ್ತಾರೆ. ಅದರ ಸುತ್ತಲಿನ ಇಳಿಜಾರು ಭಾಗ ಕ್ರೌನ್, ಎಂದರೆ ಕಿರೀಟ. ನಡುವಿನ ತೆಳುವಾದ ಅಂಚು ಗರ್ಡಲ್. ಅದರ ಕೆಳಗೆ ಬುಗುರಿಯಂತೆ ಚೂಪಾಗುವ ಭಾಗ ಪೆವಿಲಿಯನ್.

ಈಗ ಬೆಳಕಿನ ದಾರಿ ನೋಡೋಣ. ವಜ್ರದ ವಕ್ರೀಭವನ ಸೂಚ್ಯಂಕ 2.42. ಆದುದರಿಂದ ಅದರ ಕ್ರಾಂತಿಕ ಕೋನ ಸುಮಾರು 24.4 ಡಿಗ್ರಿ ಮಾತ್ರ. ಸಾಮಾನ್ಯ ಗಾಜಿಗೆ ಇದು ಸುಮಾರು 42 ಡಿಗ್ರಿ. ಒಳಗಿನಿಂದ ಬಂದ ಕಿರಣ ಕ್ರಾಂತಿಕ ಕೋನಕ್ಕಿಂತ ಹೆಚ್ಚಿನ ಕೋನದಲ್ಲಿ ಮುಖಕ್ಕೆ ತಾಕಿದರೆ ಹೊರಗೆ ಹೋಗಲಾರದು, ಕನ್ನಡಿಗೆ ಬಡಿದಂತೆ ಹಿಂದಿರುಗುತ್ತದೆ. ಇದೇ ಸಂಪೂರ್ಣ ಆಂತರಿಕ ಪ್ರತಿಫಲನ.

ವಜ್ರ ಕೆಲಸಗಾರರ ಮನೆತನದ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಈ ತತ್ತ್ವವನ್ನು ಗಣಿತಕ್ಕೆ ಅಳವಡಿಸಿ ದುಂಡು ಹರಳಿನ ಅಳತೆಗಳನ್ನು ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಪೆವಿಲಿಯನ್ ಇಳಿಜಾರು 40.75 ಡಿಗ್ರಿ, ಕ್ರೌನ್ ಇಳಿಜಾರು 34.5 ಡಿಗ್ರಿ, ಟೇಬಲ್ ಅಗಲ ವ್ಯಾಸದ ಶೇಕಡ 53. ಟೇಬಲ್ ಮೂಲಕ ನೇರವಾಗಿ ಇಳಿದ ಕಿರಣ ಪೆವಿಲಿಯನ್ನಿನ ಒಂದು ಬದಿಗೆ 40.75 ಡಿಗ್ರಿಯಲ್ಲಿ ತಾಕುತ್ತದೆ, ಎದುರು ಬದಿಗೆ 57.75 ಡಿಗ್ರಿಯಲ್ಲಿ. ಎರಡೂ ಕಡೆ ಸೋರಿಕೆಯಿಲ್ಲ. ಬಳಿಕ ಅದು ಮೇಲಕ್ಕೆ ಬಂದು ಟೇಬಲ್ಲಿಗೆ 17 ಡಿಗ್ರಿಯಲ್ಲಿ ತಾಕಿದರೆ, ಅದು 24.4ಕ್ಕಿಂತ ಕಡಿಮೆಯಾದ್ದರಿಂದ, ಹೊರಬಿದ್ದು ನಮ್ಮ ಕಣ್ಣು ಸೇರುತ್ತದೆ. ಇಳಿಜಾರು 38 ಡಿಗ್ರಿ ಇದ್ದರೆ ಆ ಕೊನೆಯ ಕೋನ 28 ಆಗಿ, ಕಿರಣ ಟೇಬಲ್ ದಾಟಲಾರದೆ ಒಳಗೇ ಹಿಂದಿರುಗುತ್ತದೆ. ಕಾಗದದ ಮೇಲೆ ಕೋನಮಾಪಕ ಇಟ್ಟು ನೀವೇ ಬರೆದು ನೋಡಿ.

ಹೀಗೆ ದಾರಿ ಗೊತ್ತಿದ್ದೂ ಎಲ್ಲ ಹರಳುಗಳು ಸರಿಯಾಗಿ ಏಕೆ ಬರುವುದಿಲ್ಲ? ಕಾರಣ ತಕ್ಕಡಿಯಲ್ಲಿದೆ. ಸಾಣೆಯಲ್ಲಿ ಸವೆದುಹೋದ ವಜ್ರಕ್ಕೆ ಬೆಲೆಯಿಲ್ಲ. ಅಲ್ಲದೆ ತೂಕ ಒಂದು ಕ್ಯಾರಟ್, ಎಂದರೆ 200 ಮಿಲಿಗ್ರಾಂ ಮುಟ್ಟಿದೊಡನೆ ಕ್ಯಾರಟ್ಟಿನ ದರವೇ ಮೇಲೇರುತ್ತದೆ. ಹಾಗಾಗಿ ಹೊಟ್ಟೆಯನ್ನು ಆಳವಾಗಿಯೂ ಗರ್ಡಲ್ಲನ್ನು ದಪ್ಪವಾಗಿಯೂ ಬಿಟ್ಟು ತೂಕ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಆ ತೂಕಕ್ಕೆ ನಾವು ಹಣ ಕೊಡುತ್ತೇವೆ, ಆದರೆ ಅದರಿಂದ ಬೆಳಕು ಬರುವುದಿಲ್ಲ.

ಇದನ್ನು ಪತ್ತೆ ಮಾಡಲು ಒಂದು ಸುಲಭ ಲೆಕ್ಕವಿದೆ. ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು ಆಳದಿಂದ ಗುಣಿಸಿ, ಮತ್ತೆ 0.0061ರಿಂದ ಗುಣಿಸಿದರೆ ದುಂಡು ವಜ್ರದ ಅಂದಾಜು ಕ್ಯಾರಟ್ ತೂಕ ಸಿಗುತ್ತದೆ. 6.5 ಮಿ.ಮೀ. ವ್ಯಾಸ, 3.9 ಮಿ.ಮೀ. ಆಳದ ಹರಳು ಸುಮಾರು ಒಂದು ಕ್ಯಾರಟ್. 6.1 ಮಿ.ಮೀ. ವ್ಯಾಸ, 4.4 ಮಿ.ಮೀ. ಆಳದ್ದೂ ಒಂದೇ ಕ್ಯಾರಟ್! ಆದರೆ ಮೊದಲನೆಯದರ ಮುಖದ ವಿಸ್ತೀರ್ಣ ಶೇಕಡ 13ಕ್ಕೂ ಹೆಚ್ಚು. ಆಳವನ್ನು ವ್ಯಾಸಕ್ಕೆ ಹೋಲಿಸಿದರೆ ಮೊದಲನೆಯದು ಶೇಕಡ 60, ಎರಡನೆಯದು ಶೇಕಡ 72. ಸುಮಾರು 59ರಿಂದ 62.5ರೊಳಗೆ ಇದ್ದರೆ ಸಾಮಾನ್ಯವಾಗಿ ಒಳ್ಳೆಯದು.

ಇನ್ನು ಕಣ್ಣಿನ ಪರೀಕ್ಷೆ. ಅಂಗಡಿಯ ಪ್ರಖರ ದೀಪಗಳ ಕೆಳಗೆ ಸಾಧಾರಣ ಹರಳೂ ಮಿಂಚುತ್ತದೆ. ಆದ್ದರಿಂದ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ನೆರಳಿನ ಬೆಳಕಿನಲ್ಲಿ ನೋಡಬೇಕು. ಹರಳನ್ನು ಮೆಲ್ಲನೆ ಅತ್ತಿತ್ತ ವಾಲಿಸಿ. ಬಿಳುಪು ಮತ್ತು ಕಪ್ಪು ತುಣುಕುಗಳು ಮುಖದ ತುಂಬ ಸಮನಾಗಿ ಹರಡಿ, ಜಾಗ ಬದಲಿಸುತ್ತ ಮಿನುಗಿದರೆ ಸಾಣೆ ಚೆನ್ನಾಗಿದೆ ಎನ್ನಬಹುದು. ಟೇಬಲ್ ಒಳಗೆ ಗರ್ಡಲ್ಲಿನ ಪ್ರತಿಬಿಂಬ ಬೆಳ್ಳನೆಯ ಬಳೆಯಂತೆ ಕಂಡರೆ ಪೆವಿಲಿಯನ್ ಆಳ ಸಾಲದು. ಇದಕ್ಕೆ ಮೀನಿನ ಕಣ್ಣು ಎಂಬ ಹೆಸರಿದೆ. ವಾಲಿಸಿದರೂ ನಡುವೆ ಕಪ್ಪು ಬೊಟ್ಟು ಉಳಿದರೆ ಪೆವಿಲಿಯನ್ ಅತಿಯಾಗಿ ಆಳವಾಗಿದೆ. ಅದನ್ನು ಮೊಳೆಯ ತಲೆಗೆ ಹೋಲಿಸುತ್ತಾರೆ. ಸಾಧ್ಯವಾದರೆ ಕಟ್ಟಡದಲ್ಲಿ ಕೂರಿಸುವ ಮೊದಲು ಬಿಡಿ ಹರಳನ್ನೇ ನೋಡಬೇಕು, ಏಕೆಂದರೆ ಕೂರಿಸಿದ ಮೇಲೆ ಹೊಟ್ಟೆ, ಅಂಚು ಎರಡೂ ಮರೆಯಾಗುತ್ತವೆ.

ಪ್ರಮಾಣಪತ್ರವನ್ನೂ ಓದಿ. ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ 2006ರಿಂದ ದುಂಡು ವಜ್ರದ ಸಾಣೆಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆಗಳನ್ನು ಕೊಡುತ್ತಿದೆ. ಪಾಲಿಶ್ ಮತ್ತು ಸಿಮ್ಮಿಟ್ರಿಗಳಿಗೆ ಪ್ರತ್ಯೇಕ ಸಾಲುಗಳಿರುತ್ತವೆ. ಪಾಲಿಶ್ ಎದುರು ಎಕ್ಸಲೆಂಟ್ ಎಂದಿದ್ದ ಮಾತ್ರಕ್ಕೆ ಸಾಣೆಯೂ ಎಕ್ಸಲೆಂಟ್ ಎಂದು ಭಾವಿಸಬಾರದು, 'ಕಟ್' ಎಂಬ ಸಾಲನ್ನೇ ಹುಡುಕಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಕ್ಕೂ ಬೆಳಕಿನ ನಿಯಮ ಇದೇ. ಆದರೆ ಅದರ ಬೆಲೆ ಬಹಳ ಕಡಿಮೆ, ಆದ್ದರಿಂದ ಹರಳು ಯಾವ ಬಗೆಯದೆಂದು ಪತ್ರದಲ್ಲಿ ಖಚಿತಪಡಿಸಿಕೊಳ್ಳಿ.

ತೂಕವೋ ಬೆಳಕೋ ಎಂಬ ಈ ಪ್ರಶ್ನೆ ಹೊಸದಲ್ಲ. ಕೊಹಿನೂರ್ ವಜ್ರ ಇಂಗ್ಲೆಂಡಿಗೆ ಹೋದಾಗ ಅಲ್ಲಿನವರಿಗೆ ಅದರ ಹೊಳಪು ಸಾಲದೆನಿಸಿತು. 1852ರಲ್ಲಿ ಅದಕ್ಕೆ ಮತ್ತೆ ಸಾಣೆ ಹಿಡಿದರು. ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಂಡು ಅದು 105.6 ಕ್ಯಾರಟ್ಟಿಗೆ ಇಳಿಯಿತು. ಅಷ್ಟು ಬೆಲೆಬಾಳುವ ಹರಳಿನಲ್ಲೂ ಬೆಳಕಿಗಾಗಿ ತೂಕವನ್ನು ಬಿಟ್ಟುಕೊಟ್ಟರು.

ನಿಮ್ಮ ಮನೆಯವರು ಅಂಗಡಿಗೆ ಹೊರಟಾಗ ನೀವೂ ಜೊತೆಗೆ ಹೋಗಿ. ಕ್ಯಾರಟ್ ಎಷ್ಟೆಂದು ಹಿರಿಯರು ಕೇಳಲಿ. ವ್ಯಾಸವೆಷ್ಟು, ಆಳವೆಷ್ಟು, ಸಾಣೆಯ ದರ್ಜೆ ಯಾವುದು ಎಂದು ನೀವು ಕೇಳಿ. ಆಮೇಲೆ ಹರಳನ್ನು ಕಿಟಕಿಯ ಬಳಿಗೆ ತೆಗೆದುಕೊಂಡು ಹೋಗಿ ನೋಡಿ.